ಕರುಳಿನ ತುಂಡು ಕುಗ್ಗಿತು, ಕುಗ್ಗಿಸಿದ್ದು ಯಾರು?

ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗರು ದ್ರಾವಣದಲ್ಲಿ ತೂಗುಬಿಟ್ಟ ಕರುಳಿನ ತುಂಡಿಗೆ ಸಬ್‌ಸ್ಟನ್ಸ್ ಪಿ ಎಂಬ ಪೆಪ್ಟೈಡ್ (ಅಮೈನೋ ಆಮ್ಲಗಳ ಚಿಕ್ಕ ಸರಪಳಿ) ಹಾಕುತ್ತಾರೆ. ತುಂಡು ಕುಗ್ಗಿದ್ದನ್ನು ತೋರಿಸುವ ಗೆರೆ ಮೇಲೇರಿದ ಕೂಡಲೇ "ಆಯ್ತು ಮೇಡಂ" ಅಂತ ಎದ್ದುಬಿಡುತ್ತಾರೆ. ಎಲ್ಲಿ ಆಯ್ತು? ಪೆಪ್ಟೈಡ್ ಮುಟ್ಟಿದ್ದು ನರವನ್ನೋ ಸ್ನಾಯುವನ್ನೋ, ಅದು ಗೊತ್ತಾಗಬೇಕಲ್ವಾ?

ಗಿನಿಪಿಗ್‌ನ ಇಲಿಯಂ, ಅಂದರೆ ಸಣ್ಣ ಕರುಳಿನ ಕೊನೆಯ ಭಾಗ, 2 ಸೆಂ.ಮೀ. ಸಾಕು. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ಕೈಯಲ್ಲಿರಲಿ. ತುಂಡನ್ನು ಜೀವಂತವಾಗಿಡುವ ಉಪ್ಪು-ಸಕ್ಕರೆ ನೀರು, ಅಂದರೆ ಟೈರೋಡ್ ದ್ರಾವಣ ಮಾಡುವಾಗ ಕ್ಯಾಲ್ಸಿಯಂ ಕ್ಲೋರೈಡನ್ನು ಬೇರೆಯಾಗಿ ಕರಗಿಸಿ ಕೊನೆಗೆ ಸೇರಿಸಿ, ಇಲ್ಲದಿದ್ದರೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗುತ್ತದೆ. ತುಂಡಿನ ಎರಡೂ ತುದಿಗೆ ದಾರ ಕಟ್ಟಿ, ಆದರೆ ಕರುಳಿನ ಬಾಯಿ ಮುಚ್ಚಬಾರದು. 37 ಡಿಗ್ರಿ ಶಾಖ, ಗಾಳಿಯ ಗುಳ್ಳೆ, 1 ಗ್ರಾಂ ಎಳೆತ. ಅರ್ಧ ಗಂಟೆ ಸುಮ್ನೆ ಬಿಡಿ. ನಡುನಡುವೆ ದ್ರಾವಣ ಬದಲಿಸಿ.

ಮೊದಲು ಅಸಿಟೈಲ್‌ಕೋಲಿನ್ ಹಾಕಿ, ಸ್ನಾಯುವಿಗೆ ಕುಗ್ಗು ಅಂತ ಹೇಳಲು ನರ ಬಿಡುವ ರಾಸಾಯನಿಕ ಅದು. ಎರಡು ಸಲ ಒಂದೇ ಎತ್ತರ ಬಂದರೆ ತುಂಡು ನಂಬಿಕಸ್ತ. ತೊಳೆದು ಸಬ್‌ಸ್ಟನ್ಸ್ ಪಿ ಹಾಕಿ, 30 ಸೆಕೆಂಡಿಗೆ ಮತ್ತೆ ತೊಳೆಯಿರಿ. ಮುಂದಿನ ಡೋಸಿಗೆ 10-15 ನಿಮಿಷ ಕಾಯಿರಿ. ಆತುರಪಟ್ಟರೆ ಕರುಳು ಮುನಿಸಿಕೊಂಡ ಹಾಗೆ ಮಂಕಾಗುತ್ತದೆ.

ಈಗ ಅಸಿಟೈಲ್‌ಕೋಲಿನ್‌ನ ಕೆಲಸ ತಡೆಯುವ ಅಟ್ರೋಪಿನ್ ಹಾಕಿ 10 ನಿಮಿಷ ಬಿಡಿ. ಅಸಿಟೈಲ್‌ಕೋಲಿನ್ ಕೊಟ್ಟರೆ ಗೆರೆ ಅಲ್ಲಾಡಬಾರದು. ಅದನ್ನು ಕಣ್ಣಾರೆ ನೋಡದೆ ಮುಂದೆ ಹೋಗಬೇಡಿ. ಆಮೇಲೆ ಸಬ್‌ಸ್ಟನ್ಸ್ ಪಿ ಕೊಡಿ. ಗೆರೆ ಏರುತ್ತದೆ! 1931ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿಗಳಾದ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಮೊಲದ ಕರುಳಲ್ಲಿ ಕಂಡದ್ದೂ ಇದನ್ನೇ. ಅಟ್ರೋಪಿನ್‌ಗೆ ಬಗ್ಗದ್ದು ಅಸಿಟೈಲ್‌ಕೋಲಿನ್ ಅಲ್ಲ, ಬೇರೇನೋ ಇದೆ ಅಂತ ಅವರಿಗೆ ಹೊಳೆಯಿತು.

ಗೆರೆ ಮೊದಲಿಗಿಂತ ತುಸು ಗಿಡ್ಡವಾಯಿತೇ? ಕಡಿಮೆಯಾದ ಆ ಪಾಲು ನರದ್ದು. ಪೆಪ್ಟೈಡ್ ನರವನ್ನು ಕೆಣಕಿ ಅಸಿಟೈಲ್‌ಕೋಲಿನ್ ಬಿಡಿಸಿತ್ತು. ಉಳಿದದ್ದರಲ್ಲಿ ಜಾಸ್ತಿ ಪಾಲು ಸ್ನಾಯುವಿನ ಮೇಲೆ ನೇರವಾಗಿ ಆದದ್ದು. ನರವನ್ನು ಪೂರ್ತಿ ಸುಮ್ಮನಾಗಿಸಲು ಟೆಟ್ರೊಡೋಟಾಕ್ಸಿನ್ ಇದೆ, ಆದರೆ ಅದು ಘೋರ ವಿಷ. ಹಿರಿಯರು ಪಕ್ಕದಲ್ಲಿಲ್ಲದೆ ಮುಟ್ಟಬೇಡಿ.

ವಿಐಪಿ (ವ್ಯಾಸೋಆಕ್ಟಿವ್ ಇಂಟೆಸ್ಟೈನಲ್ ಪೆಪ್ಟೈಡ್) ಎಂಬ ಪೆಪ್ಟೈಡ್ ಉಲ್ಟಾ, ಸ್ನಾಯುವನ್ನು ಸಡಿಲಿಸುತ್ತದೆ. ಮೊದಲೇ ಸಡಿಲಾಗಿರುವ ತುಂಡಿಗೆ ಅದನ್ನು ಹಾಕಿದರೆ ಏನು ಕಾಣುತ್ತದೆ? ಹಿಸ್ಟಮಿನ್ ಕೊಟ್ಟು ಬಿಗಿ ಮಾಡಿಕೊಂಡು ಆಮೇಲೆ ಹಾಕಿ.

ಒಮ್ಮೆ ನನಗೆ ಸಬ್‌ಸ್ಟನ್ಸ್ ಪಿ ಕೆಲಸವೇ ಮಾಡಲಿಲ್ಲ. ಮೂರು ತುಂಡು ಬದಲಿಸಿದೆ, ಕರುಳನ್ನೇ ಬೈದೆ. ನೋಡಿದರೆ ತೆಳು ದ್ರಾವಣವನ್ನು ಬೆಳಗ್ಗೆಯಿಂದ ಗಾಜಿನ ಟ್ಯೂಬಿನಲ್ಲಿ ಇಟ್ಟಿದ್ದೆ. ಪೆಪ್ಟೈಡ್ ಗಾಜಿಗೇ ಅಂಟಿಕೊಂಡಿತ್ತು. ಈಗ ಪ್ಲಾಸ್ಟಿಕ್ ಟ್ಯೂಬು, ಅದೂ ಐಸಿನಲ್ಲಿ, ಬೇಕಾದಾಗಲೇ ತೆಳು ಮಾಡಿಕೊಳ್ಳುವುದು.