ಮನೆಯ ಬೆಲೆಗಿಂತ ಸಾಲವೇ ಹೆಚ್ಚಿದ್ದಾಗ ಫ್ಲಾಟ್ ಮಾರಿದ್ದು: ನನ್ನ ಅನುಭವ

ಇಂಗ್ಲೆಂಡಿನಲ್ಲಿ ನೆಗೆಟಿವ್ ಇಕ್ವಿಟಿಯಲ್ಲಿರುವ, ಅಂದರೆ ಬೆಲೆಗಿಂತ ಸಾಲವೇ ಹೆಚ್ಚಿರುವ ಫ್ಲಾಟನ್ನು, ಕೊರತೆ ಬೀಳುವ ಹಣ ಪೂರ್ತಿ ಕೈಯಲ್ಲಿಲ್ಲದಿದ್ದರೂ ಮಾರಬಹುದು. ಇಬ್ಬರು ಎಸ್ಟೇಟ್ ಏಜೆಂಟರು, ಒಬ್ಬ ಸಾಲಿಸಿಟರ್ (ವಕೀಲ) ಆಗದ ಮಾತು ಎಂದಿದ್ದರು. ಆಯಿತು. ಒಟ್ಟು 11 ತಿಂಗಳು ಹಿಡಿಯಿತು, ಅದರಲ್ಲಿ 5 ತಿಂಗಳು ಕೆಲಸಗಳನ್ನು ಹಿಂದುಮುಂದು ಮಾಡಿದ್ದಕ್ಕೇ ಹೋಯಿತು. ಮೊದಲು ಕೊರತೆಯ ಲೆಕ್ಕ, ಆಮೇಲೆ ಬ್ಯಾಂಕಿನ ಪತ್ರ, ಕೊನೆಗೆ ಜಾಹೀರಾತು. ನಾನು ಇದನ್ನು ತಿರುಗುಮುರುಗಾಗಿ ಮಾಡಿದ್ದೆ.

ಬಾಕಿ ಸಾಲ ಸುಮಾರು 1,96,000 ಪೌಂಡ್. ಏಜೆಂಟ್ 1,95,000ಕ್ಕೆ ಹಾಕೋಣ ಎಂದಾಗ ಒಪ್ಪಿಬಿಟ್ಟೆ, ಏಕೆಂದರೆ ಆ ಅಂಕಿ ಸಾಲದ ಹತ್ತಿರವಿತ್ತು. ಕೊಳ್ಳುವವರಿಗೆ ನಮ್ಮ ಸಾಲ ಎಷ್ಟಿದ್ದರೇನು? ಹತ್ತು ವಾರದಲ್ಲಿ ನೋಡಲು ಬಂದವರು ನಾಲ್ಕೇ ಜನ, ಆಫರ್ ಒಂದೂ ಇಲ್ಲ. ಹೊಸ ಕಟ್ಟಡದ ಫ್ಲಾಟಿಗೆ ಮೊದಲ ಮಾಲೀಕ ತೆರುವ ಹೆಚ್ಚುವರಿ ಬೆಲೆ ಎರಡನೆಯ ಕೈಗೆ ಹೋಗುವಾಗ ಸಿಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕಿತ್ತು. ನಿಜವಾದ ಬೆಲೆ ಸಿಕ್ಕಿದ್ದು ಲ್ಯಾಂಡ್ ರಿಜಿಸ್ಟ್ರಿ (ಆಸ್ತಿ ನೋಂದಣಿ ಇಲಾಖೆ) ಉಚಿತವಾಗಿ ಕೊಡುವ ಮಾರಾಟ ಬೆಲೆಗಳ ಪಟ್ಟಿಯಲ್ಲಿ: ಅದೇ ಬ್ಲಾಕಿನ ಮೂರು ಫ್ಲಾಟ್‌ಗಳು 1,80,000ದಿಂದ 1,85,000ದ ನಡುವೆ ಹೋಗಿದ್ದವು.

ಎರಡನೆಯ ತಪ್ಪು ಇನ್ನೂ ದುಬಾರಿ. 1,86,000ಕ್ಕೆ ಆಫರ್ ಬಂದೊಡನೆ ಒಪ್ಪಿದೆ, ಬ್ಯಾಂಕಿಗೆ ಆಮೇಲೆ ಬರೆದೆ. ಬ್ಯಾಂಕಿನಿಂದ ಬಂದ ಪತ್ರದಲ್ಲಿ ಇದ್ದದ್ದು ‘ಚಾರ್ಜ್ ಬಿಡುಗಡೆಯನ್ನು ಪರಿಗಣಿಸುತ್ತೇವೆ’ ಎಂಬ ಮಾತು. ಚಾರ್ಜ್ ಎಂದರೆ ಫ್ಲಾಟಿನ ಮೇಲೆ ಬ್ಯಾಂಕಿಗಿರುವ ಅಡಮಾನದ ಹಕ್ಕು. ಕೊಳ್ಳುವವರ ಸಾಲಿಸಿಟರ್ ಇದಾಗದು ಎಂದರು, ಅವರು ಹೇಳಿದ್ದು ಸರಿಯೇ. ಎಕ್ಸ್‌ಚೇಂಜ್, ಅಂದರೆ ಕರಾರು ಪತ್ರಗಳ ವಿನಿಮಯ, ಆದ ಮೇಲೆ ಮಾರುವವರು ಕಟ್ಟುಬಿದ್ದ ಹಾಗೆ. ಚಾರ್ಜ್ ತೆಗೆಯುತ್ತೇವೆ ಎಂದು ನಮ್ಮ ಸಾಲಿಸಿಟರ್ ಬರೆದುಕೊಡಬೇಕು. ಬ್ಯಾಂಕೇ ಖಚಿತವಾಗಿ ಹೇಳದಿದ್ದರೆ ಯಾವ ಸಾಲಿಸಿಟರೂ ಬರೆದುಕೊಡುವುದಿಲ್ಲ. ಏಳು ವಾರ ಕಾದು ಕೊಳ್ಳುವವರು ಬೇರೆ ಮನೆ ನೋಡಿಕೊಂಡರು. ಪತ್ರದಲ್ಲಿ ಇರಬೇಕಾದ್ದು ಇದು: ‘ಇಷ್ಟು ಹಣ ಕೈಸೇರಿದ ಕೂಡಲೇ ಚಾರ್ಜ್ ಬಿಡುಗಡೆ ಮಾಡುತ್ತೇವೆ.’ ಜೊತೆಗೆ ಕನಿಷ್ಠ ಮಾರಾಟ ಬೆಲೆ, ಅದರಿಂದ ಕಳೆಯಲು ಒಪ್ಪಿದ ಖರ್ಚುಗಳ ಪಟ್ಟಿ, ಪತ್ರ ಎಲ್ಲಿಯವರೆಗೆ ಊರ್ಜಿತ ಎಂಬ ತಾರೀಖು. ಈ ನಾಲ್ಕರಲ್ಲಿ ಒಂದಿಲ್ಲದಿದ್ದರೂ ವಾಪಸ್ ಕಳಿಸಿ ಮತ್ತೆ ಬರೆಸಿಕೊಳ್ಳಿ. ನನ್ನ ಪತ್ರದ ಅವಧಿ 90 ದಿನ.

ಖರ್ಚಿನ ಪಟ್ಟಿಯಲ್ಲಿ ಏಜೆಂಟ್ ಶುಲ್ಕ ಮತ್ತು ಸಾಲಿಸಿಟರ್ ಶುಲ್ಕ ಮಾತ್ರ ಸೇರಿದ್ದವು. ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ) ಫ್ಲಾಟಿಗೆ ಬೇಕೇಬೇಕಾದ ಮ್ಯಾನೇಜ್‌ಮೆಂಟ್ ಪ್ಯಾಕ್, ಅಂದರೆ ಕಟ್ಟಡದ ನಿರ್ವಹಣೆಯ ದಾಖಲೆಗಳ ಕಟ್ಟು, ನೆನಪಾಗಲಿಲ್ಲ. 420 ಪೌಂಡ್ ಕೈಯಿಂದ ಹೋಯಿತು. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣಾ ಶುಲ್ಕ) ಬಾಕಿ ಇದ್ದರೆ ಅದನ್ನೂ ಮೊದಲೇ ಸೇರಿಸಲು ಕೇಳಿ.

ಕೊನೆಗೆ ಬಿದ್ದ ಲೆಕ್ಕ ಹೀಗೆ. ಮಾರಾಟ 1,83,000. ಏಜೆಂಟಿಗೆ ಶೇ. 1.2 ಮತ್ತು ಅದರ ಮೇಲೆ ವ್ಯಾಟ್, ಅಂದಾಜು 2,635. ಸಾಲಿಸಿಟರಿಗೆ 1,500. ಬ್ಯಾಂಕಿಗೆ ಮುಟ್ಟಿದ್ದು ಸುಮಾರು 1,78,850. ಆ ಹೊತ್ತಿಗೆ ಸಾಲ 1,95,700, ಕೊರತೆ 16,850. ಇದರಲ್ಲಿ 9,850 ಉಳಿತಾಯದಿಂದ, ಎಕ್ಸ್‌ಚೇಂಜಿಗೆ ಮೂರು ದಿನ ಮೊದಲೇ ಸಾಲಿಸಿಟರ್ ಖಾತೆಗೆ. ಉಳಿದ 7,000ವನ್ನು ಬ್ಯಾಂಕ್ ಅಡಮಾನವಿಲ್ಲದ ಸಾಲವಾಗಿ ಬದಲಿಸಿತು: 84 ಕಂತು, ತಿಂಗಳಿಗೆ 83 ಪೌಂಡ್ ಚಿಲ್ಲರೆ, ಬಡ್ಡಿಯಿಲ್ಲ. ಬಡ್ಡಿಯಿಲ್ಲದೆ ಪಡೆದದ್ದರ ಬಗ್ಗೆ ನನಗೆ ಹೆಮ್ಮೆಯಿದೆ. ಬ್ಯಾಂಕಿಗೆ ನಾನು ಬರೆದ ಮೊದಲ ಪತ್ರದ ಒಕ್ಕಣೆಯನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅದನ್ನೇ ಕಳಿಸಿದರೆ ಅದರ ಬೆಲೆ ಹೋಗುತ್ತದೆ. ಅದರ ಜೊತೆ ಲಗತ್ತಿಸಿದ್ದು ಆ ಮೂರು ಮಾರಾಟ ಬೆಲೆಗಳು, ತಿಂಗಳ ಆದಾಯ ಖರ್ಚಿನ ಪಟ್ಟಿ, ಮತ್ತು ಮುಂದಿನ ಮನೆಗೆ ಹೋಗುವ ಖರ್ಚು. ಬ್ಯಾಂಕ್ ತನ್ನದೇ ಮೌಲ್ಯಮಾಪಕರನ್ನು ಕಳಿಸಿತು, ಅವರ ಅಂಕಿಯೂ ಅಲ್ಲೇ ಬಂದು ನಿಂತಿತು. ಏಜೆಂಟರ ಅಂದಾಜು ಪತ್ರಕ್ಕೆ ಅಲ್ಲಿ ಯಾರೂ ಬೆಲೆ ಕೊಡಲಿಲ್ಲ.

ಮುಂದಿನ ಮನೆಯ ಖರ್ಚನ್ನು ಬರಹದಲ್ಲಿ ತೋರಿಸದಿದ್ದರೆ ಉಳಿತಾಯವೆಲ್ಲ ಕೊರತೆಗೇ ಹೋಗುತ್ತದೆ. ಬಾಡಿಗೆ 1,100 ಆದರೆ ಡಿಪಾಸಿಟ್ 1,269. 2019ರ ಟೆನೆಂಟ್ ಫೀಸ್ ಕಾಯ್ದೆ ಪ್ರಕಾರ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಮೊದಲ ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ವ್ಯಾನ್ ಸೇರಿ 2,750ರಷ್ಟು ಬದಿಗಿಟ್ಟಿದ್ದೆ. ಇದೇ ಕಾರಣಕ್ಕೆ ಫಿಕ್ಸ್ ಅವಧಿಯಲ್ಲಿ (ಬಡ್ಡಿ ದರ ಸ್ಥಿರವಾಗಿರುವ ಅವಧಿ) ಓವರ್‌ಪೇಮೆಂಟ್ ಮಾಡಿ, ಅಂದರೆ ಕಂತಿಗಿಂತ ಹೆಚ್ಚು ಕಟ್ಟಿ, ಅಂತರ ತಗ್ಗಿಸಿ ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಸಾಲಕ್ಕೆ ಕಟ್ಟಿದ ಹಣ ಡಿಪಾಸಿಟ್ಟಿಗೆ ವಾಪಸ್ ಬರುವುದಿಲ್ಲ. ಕೈಯಲ್ಲಿರುವ ನಗದೇ ಬ್ಯಾಂಕಿನೊಡನೆ ಮಾತಾಡುವಾಗ ಬಲ.

ಫಿಕ್ಸ್ ಮುಗಿಯುವ ಮೊದಲೇ ಮಾರಿದ್ದರೆ ಶೇ. 2 ದಂಡ, ಅಂದರೆ 3,900 ತೆರಬೇಕಿತ್ತು. ಮುಗಿದ ಮೇಲೆ ಸುಮ್ಮನಿದ್ದರೆ ಬ್ಯಾಂಕಿನ ಸ್ಟ್ಯಾಂಡರ್ಡ್ ದರ, ಹತ್ತಿರ ಹತ್ತಿರ ಶೇ. 8, ದಿನಕ್ಕೆ 43 ಪೌಂಡ್ ಬಡ್ಡಿ. ನಾನು ಹಿಡಿದದ್ದು ಮೂರನೆಯ ದಾರಿ: ಅದೇ ಬ್ಯಾಂಕಿನಲ್ಲಿ ದಂಡವಿಲ್ಲದ ಟ್ರ್ಯಾಕರಿಗೆ (ಮೂಲ ದರದ ಜೊತೆ ಏರಿಳಿಯುವ ಬಡ್ಡಿಯ ಸಾಲ) ಪ್ರಾಡಕ್ಟ್ ಟ್ರಾನ್ಸ್‌ಫರ್, ಅಂದರೆ ಸಾಲದ ಯೋಜನೆಯ ಬದಲಾವಣೆ, ಶೇ. 5.75ರ ಆಸುಪಾಸು. ಹೊಸ ಮೌಲ್ಯಮಾಪನ ಕೇಳಲಿಲ್ಲ. ನಾಲ್ಕು ತಿಂಗಳಲ್ಲಿ 1,400ಕ್ಕಿಂತ ಹೆಚ್ಚು ಉಳಿಯಿತು.

ನಡುವೆ ಬಾಡಿಗೆಗೆ ಕೊಡುವ ಲೆಕ್ಕವನ್ನೂ ಹಾಕಿ ನೋಡಿದೆ. ಬಾಡಿಗೆಗೆ ಕೊಡಲು ಬ್ಯಾಂಕಿನ ಅನುಮತಿ (ಕನ್ಸೆಂಟ್ ಟು ಲೆಟ್) ಸಿಗುತ್ತಿತ್ತು. ಬಾಡಿಗೆ 950, ಅದರಲ್ಲಿ ಏಜೆಂಟಿಗೆ 114, ಸರ್ವಿಸ್ ಚಾರ್ಜ್ 165, ಮಾರ್ಟ್‌ಗೇಜ್ ಕಂತು 1,190. ತಿಂಗಳಿಗೆ 520 ಪೌಂಡ್ ಕೈಯಿಂದ ಹಾಕಬೇಕು, ಮೇಲೆ ತೆರಿಗೆ, ಏಕೆಂದರೆ ಈಗ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಪೂರ್ತಿ ಕಳೆಯಲು ಬಿಡುವುದಿಲ್ಲ, ಶೇ. 20ರ ರಿಯಾಯಿತಿ ಮಾತ್ರ. ಕೈಬಿಟ್ಟೆ. ನಗದು ಕೊಟ್ಟು ತಕ್ಷಣ ಕೊಳ್ಳುತ್ತೇವೆ ಎನ್ನುವ ಕಂಪನಿಯೊಂದು 1,48,000 ಎಂದಿತು. ಮಾತು ಅಲ್ಲಿಗೇ ನಿಂತಿತು.

ಕೀಲಿ ಬ್ಯಾಂಕಿಗೆ ಕೊಟ್ಟು ಕೈತೊಳೆದುಕೊಳ್ಳಿ ಎನ್ನುವವರ ಮಾತು ಕೇಳಬೇಡಿ. ಮನೆ ಮಾರಾಟವಾಗುವವರೆಗೆ ಬಡ್ಡಿ ಬೆಳೆಯುತ್ತದೆ, ಕೋರ್ಟು, ಹರಾಜುಗಳ ಖರ್ಚೂ ನಿಮ್ಮ ಲೆಕ್ಕಕ್ಕೇ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕೊರತೆಯ ಅಸಲಿಗೆ 12 ವರ್ಷ, ಬಡ್ಡಿಗೆ 6 ವರ್ಷ ದಾವೆ ಹೂಡುವ ಅವಕಾಶ ಬ್ಯಾಂಕಿಗಿದೆ.

ಹೆಲ್ಪ್ ಟು ಬೈ ಈಕ್ವಿಟಿ ಸಾಲ (ಮನೆ ಕೊಳ್ಳಲು ಸರ್ಕಾರ ಕೊಡುತ್ತಿದ್ದ ಸಾಲ) ಇದ್ದವರ ಲೆಕ್ಕ ಬೇರೆ: ಅಲ್ಲಿ ತೀರಿಸುವುದು ಪಡೆದ ಮೊತ್ತವನ್ನಲ್ಲ, ಮಾರಾಟ ಬೆಲೆ ಅಥವಾ ಮೌಲ್ಯಮಾಪನ, ಇವೆರಡರಲ್ಲಿ ಹೆಚ್ಚಿನದರ ಶೇಕಡಾ ಪಾಲನ್ನು. ಬೆಲೆ ಬಿದ್ದರೆ ಆ ಪಾಲೂ ಇಳಿಯುತ್ತದೆ.

ಬಾಡಿಗೆ ಕರಾರಿಗೆ ಕಂಪ್ಲೀಷನ್‌ಗೆ (ಹಣ ಸಂದು ಕೀಲಿ ಕೈಬದಲಾಗುವ ದಿನ) ಆರು ದಿನ ಮೊದಲೇ ಸಹಿ ಹಾಕಿ. ಕಂಪ್ಲೀಷನ್ ಶುಕ್ರವಾರ ಬೇಡ. ಹಣ ತಡವಾಗಿ ಸೇರಿದರೆ ಸೋಮವಾರದವರೆಗೆ ದಿನಬಡ್ಡಿ ಏರಿ ರಿಡೆಂಪ್ಷನ್ ಸ್ಟೇಟ್‌ಮೆಂಟಿನ (ಸಾಲ ತೀರಿಸಲು ಬೇಕಾದ ಮೊತ್ತವನ್ನು ಬ್ಯಾಂಕ್ ಬರೆದುಕೊಡುವ ಪತ್ರ) ಅಂಕಿ ತಪ್ಪುತ್ತದೆ. ನಾನು ಬುಧವಾರ ಇಟ್ಟುಕೊಂಡೆ, ಎರಡು ದಿನದ ಬಡ್ಡಿ 62 ಪೌಂಡನ್ನು ಹೆಚ್ಚಿಗೆ ಕಳಿಸಿದ್ದೆ, ಅದು ವಾಪಸ್ ಬಂತು. ಕ್ರೆಡಿಟ್ ಫೈಲಿನಲ್ಲಿ (ನಿಮ್ಮ ಸಾಲಗಳ ಇತಿಹಾಸದ ದಾಖಲೆ) ಮಾರ್ಟ್‌ಗೇಜ್ ಖಾತೆಯನ್ನು ಏನೆಂದು ನಮೂದಿಸುತ್ತಾರೆ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದಿಡಿ. ಮೂರು ವಾರ ಬಿಟ್ಟು ಲ್ಯಾಂಡ್ ರಿಜಿಸ್ಟ್ರಿಯಿಂದ ಟೈಟಲ್ ರಿಜಿಸ್ಟರ್ (ಆಸ್ತಿಯ ಹಕ್ಕುಪತ್ರದ ದಾಖಲೆ) ಪ್ರತಿ ತರಿಸಿ, ಚಾರ್ಜಸ್ ಭಾಗದಲ್ಲಿ ನಿಮ್ಮ ಬ್ಯಾಂಕಿನ ಹೆಸರು ಹೋಗಿದೆಯೇ ನೋಡಿ. ಹೋಗದಿದ್ದರೆ ಅದೇ ದಿನ ಸಾಲಿಸಿಟರಿಗೆ ಫೋನ್ ಮಾಡಿ.