ಇಳಿಜಾರು ಮನೆ ದಾರೀಲಿ ಟ್ರ್ಯಾಕ್ಟರ್ ಟ್ರೈಲರ್ ಇಳಿಸೋದು, ಹತ್ತಿಸೋದು

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಬಹಳ ಮನೆಗಳಿಗೆ ರೋಡ್ ಮೇಲೆ, ಮನೆ ಕೆಳಗೆ, ತೋಟ ಇನ್ನೂ ಕೆಳಗೆ. ಗೊಬ್ಬರ ಬರ್ಲಿ ಜಲ್ಲಿ ಬರ್ಲಿ, ಟ್ರೈಲರ್ ಆ ಇಳಿಜಾರಲ್ಲೇ ಅಂಗಳಕ್ಕೆ ಬರ್ಬೇಕು. ಡ್ರೈವರ್ ಎಷ್ಟೇ ಪಳಗಿದವ್ರು ಆಗ್ಲಿ, ಒಂದು ವಿಷ್ಯ ಮಾತ್ರ ಬಿಡ್ಬಾರ್ದು: ಇಳಿಜಾರಲ್ಲಿ ಟ್ರ್ಯಾಕ್ಟರ್ ಯಾವಾಗ್ಲೂ ಮೇಲ್ಗಡೆ, ಟ್ರೈಲರ್ ಕೆಳಗಡೆ.

ಯಾಕೆ ಅಂದ್ರೆ ನಮ್ ಕಡೆ ಸುಮಾರು ಟ್ರೈಲರ್‌ಗೆ ಬ್ರೇಕೇ ಇರಲ್ಲ, ಟ್ರ್ಯಾಕ್ಟರ್ ಬ್ರೇಕೂ ಸಾಮಾನ್ಯವಾಗಿ ಹಿಂದಿನ ಎರಡು ಗಾಲಿಗೆ ಮಾತ್ರ. ಮೂತಿ ಕೆಳಗೆ ಮಾಡಿ ಲೋಡ್ ಇಳಿಸಿದ್ರೆ ಟ್ರೈಲರ್ ಹಿಂದಿಂದ ದೂಡ್ತಾ ಬರುತ್ತೆ, ಹಿಂದಿನ ಗಾಲಿ ಒಂಚೂರು ಜಾರಿದ್ರೂ ಸಾಕು, ಹುಕ್ ಹತ್ರ ಮಡಚ್ಕೊಂಡು ಟ್ರ್ಯಾಕ್ಟರ್ ಅಡ್ಡ ತಿರುಗುತ್ತೆ. ಟ್ರೈಲರ್ ಕೆಳಗಿದ್ರೆ ಅದರ ಭಾರವೇ ಅದನ್ನ ನೇರ ಎಳ್ಕೊಂಡಿರುತ್ತೆ. ಹಾಗಾಗಿ ಮನೆ ರೋಡಿಗಿಂತ ಕೆಳಗಿದ್ರೆ ರಿವರ್ಸಲ್ಲಿ ಇಳಿಸಿ, ಮುಂದಕ್ಕೆ ಹತ್ತಿಸಿ. ಮನೆ ಮೇಲಿದ್ರೆ ಮುಂದಕ್ಕೆ ಹತ್ತಿಸಿ, ಖಾಲಿ ಮಾಡಿ, ತಿರುಗಿಸೋಕೆ ಜಾಗ ಇದ್ರೂ ತಿರುಗಿಸದೆ ರಿವರ್ಸಲ್ಲೇ ಇಳಿಸಿ.

ಗಾಡಿ ಬರೋ ಮುಂಚೆ ದಾರಿ ಅಳೀರಿ. ಮೇಸ್ತ್ರಿ ಹತ್ರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತೆ, 10 ಅಡಿಗೆ 1 ಅಡಿ ಇಳಿದ್ರೆ ತೊಂದ್ರೆ ಇಲ್ಲ, ಒಂದೂವರೆ ಅಡಿ ಇದ್ರೆ ಅರ್ಧ ಲೋಡ್ ಮಾಡ್ಸಿ, 2 ಅಡಿ ದಾಟಿದ್ರೆ ಲೋಡ್ ರೋಡ್ ಪಕ್ಕದಲ್ಲೇ ಇಳಿಸ್ಕೊಳ್ಳೋದು ಒಳ್ಳೇದು ಅಂತ ನಾನು ಹೇಳ್ತೀನಿ, ಹೊತ್ತು ತರೋ ಕೂಲಿ ದುಬಾರಿ ಆದ್ರೂ ಪರ್ವಾಗಿಲ್ಲ.

ಇಳಿಜಾರಿನ ಎರಡು ತುದಿ ನೋಡಿ. ರೋಡಿಂದ ತಟ್ಟನೆ ಕೆಳಗೆ ಬಾಗೋ ಜಾಗದಲ್ಲಿ ಟ್ರೈಲರ್ ಮೂಕಿಯ (ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಮುಂದಿನ ಕಂಬಿ) ತಳ ನೆಲಕ್ಕೆ ಕೂತ್ಕೊಳುತ್ತೆ, ಕೆಳಗೆ ಅಂಗಳ ಸೇರೋ ಜಾಗದಲ್ಲಿ ಹಿಂದಿನ ಬಾಗಿಲು ಕೆರೆಯುತ್ತೆ. ಮೇಲಿನ ಉಬ್ಬು ಕಡಿದು, ಕೆಳಗಿನ ಮೂಲೆಗೆ ಜಂಬಿಟ್ಟಿಗೆ ಚೂರು ತುಂಬಿ ಗಟ್ಟಿ ಮಾಡಿ, ಎರಡೂ ಕಡೆ ಏಳೆಂಟು ಅಡಿ ಉದ್ದಕ್ಕೆ ನಿಧಾನಕ್ಕೆ ಬಾಗೋ ಹಾಗೆ ಮಾಡಿದ್ರೆ ನಿಮ್ ಕಾರಿಗೂ ಅನುಕೂಲ. ಟ್ರೈಲರ್ ಅಗಲ ಸಾಧಾರಣ 6 ಅಡಿ, ದಾರಿ 10 ಅಡಿ ಇರ್ಲಿ, ರೋಡ್ ಸೇರೋ ಬಾಯಿ ಇನ್ನೂ ಅಗಲ ಬೇಕು.

ಸಿಮೆಂಟ್ ಹಾಕ್ಸೋದಾದ್ರೆ ಹಸಿ ಇರೋವಾಗ್ಲೇ ಅಡ್ಡ ಗೀರು ಎಳೆಸಿ, ನುಣ್ಣಗೆ ಉಜ್ಜಿಸ್ಬೇಡಿ ಮಾರಾಯ್ರೆ! ಆಗುಂಬೆಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ, ಸುತ್ತಮುತ್ತ ಯಾವ ಸಿಮೆಂಟೂ ಹಾವಸೆ ಕಟ್ಟದೆ ಇರಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತಂತಿ ಬ್ರಷ್ಷಲ್ಲಿ ಉಜ್ಜಿ, ದರಗು (ಒಣಗಿದ ಎಲೆ) ಗುಡಿಸಿ. ಮಣ್ಣಿನ ದಾರಿ ಆದ್ರೆ ಮಳೆ ನೀರು ಪಕ್ಕದ ಚರಂಡಿಗೆ ಹೋಗ್ಬೇಕು, ದಾರಿ ಮಧ್ಯ ಹರೀಬಾರ್ದು. ಜೋರು ಮಳೇಲಿ ಲೋಡ್ ತರಿಸ್ಲೇಬೇಡಿ, ಗೊಬ್ಬರ ಎಲ್ಲಾ ಮೇ ಒಳಗೇ ಮುಗಿಸ್ಕೊಳ್ಳಿ.

ಇನ್ನು ರಿವರ್ಸ್. ಟ್ರೈಲರನ್ನ ರೋಡಲ್ಲೇ ನೇರ ಮಾಡ್ಕೊಂಡು ಆಮೇಲೆ ಇಳಿಸಿ, ಅರ್ಧ ಇಳಿದ್ಮೇಲೆ ಸೊಟ್ಟ ಆದ್ರೆ ಸರಿ ಮಾಡೋಕೆ ಲೋಡ್ ಸಮೇತ ಮೇಲೆ ಎಳೀಬೇಕಾಗುತ್ತೆ. ಸ್ಟೇರಿಂಗ್ ಕೆಳಭಾಗ ಹಿಡ್ಕೊಳ್ಳಿ, ಟ್ರೈಲರ್ ಹಿಂಭಾಗ ಯಾವ ಕಡೆ ಹೋಗ್ಬೇಕೋ ಕೈ ಆ ಕಡೆ ಸರಿಸಿ, ಸ್ವಲ್ಪ ಸ್ವಲ್ಪನೇ. ಗೇರ್ ಲೋ ರೇಂಜಲ್ಲಿ (ನಿಧಾನಕ್ಕೆ ಹೋಗೋ ಗೇರ್) ಇರ್ಲಿ, ಇಂಜಿನ್ನೇ ಗಾಡಿ ಹಿಡೀಲಿ, ಕ್ಲಚ್ ಒತ್ಕೊಂಡು ಅಥ್ವಾ ನ್ಯೂಟ್ರಲ್ ಮಾಡ್ಕೊಂಡು ಇಳಿಸೋದು ಬೇಡ್ವೇ ಬೇಡ. ಎಡ ಬಲ ಬ್ರೇಕ್ ಪೆಡಲ್ ಜೋಡಿಸಿದ ಲಾಕ್ ಹಾಕಿದ್ಯಾ ನೋಡಿ, ಇಲ್ದಿದ್ರೆ ಒಂದೇ ಗಾಲಿ ಹಿಡಿದು ಗಾಡಿ ಎಳ್ಕೊಂಡು ಹೋಗುತ್ತೆ. ದಾರಿ ತೋರ್ಸೋರು ಡ್ರೈವರ್‌ಗೆ ಕಾಣೋ ಕಡೆ ನಿಲ್ಲಿ, ಟ್ರೈಲರ್‌ಗೂ ದರೆಗೂ (ದಾರಿ ಪಕ್ಕದ ಮಣ್ಣಿನ ಗೋಡೆ) ಮಧ್ಯೆ ಯಾರೂ ನಿಲ್ಬಾರ್ದು, ಮಕ್ಕಳನ್ನ ಒಳಗೆ ಕಳ್ಸಿ.

ಲೋಡ್ ವಿಷ್ಯಕ್ಕೆ ಗಮನ ಕೊಡೋರು ಕಮ್ಮಿ. ಎರಡು ಗಾಲಿ ಟ್ರೈಲರಲ್ಲಿ ಭಾರ ಹಿಂದಕ್ಕೆ ಜಾಸ್ತಿ ಆದ್ರೆ ಮೂಕಿ ಮೇಲೇಳುತ್ತೆ, ಟ್ರ್ಯಾಕ್ಟರ್ ಹಿಂದಿನ ಗಾಲಿ ಹಗುರ ಆಗಿ ಹಿಡಿತವೂ ಹೋಗುತ್ತೆ ಬ್ರೇಕೂ ಹೋಗುತ್ತೆ, ಇಳಿಜಾರಲ್ಲಿ ಇದು ಇನ್ನೂ ಜಾಸ್ತಿ. ತುಂಬುವಾಗ ಮುಂದೆ ಸ್ವಲ್ಪ ಹೆಚ್ಚಿರ್ಲಿ, ಕಲ್ಲು ಇಳಿಸುವಾಗ ಹಿಂದಿಂದ ಶುರು ಮಾಡಿ. ಹತ್ತಿಸುವಾಗ ಕ್ಲಚ್ ಪಟ್ಟನೆ ಬಿಡ್ಬೇಡಿ. ಮುಂದಿನ ಗಾಲಿ ಎದ್ರೆ ಕೂಡ್ಲೇ ಕ್ಲಚ್ ಒತ್ತಿ, ಗಾಲಿ ನೆಲಕ್ಕೆ ಕೂತ್ಮೇಲೆ ಬ್ರೇಕ್ ನಿಧಾನಕ್ಕೆ ಹಿಡೀರಿ, ಹಿಂದಕ್ಕೆ ಉರುಳುವಾಗ ಬ್ರೇಕ್ ಪಟ್ಟನೆ ಒತ್ತಿದ್ರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ.

ದಾರಿ ಮಧ್ಯ ನಿಲ್ಲಿಸ್ಬೇಕಾದ್ರೆ ಇಂಜಿನ್ ಆಫ್ ಮಾಡಿ, ಲೋ ಗೇರಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಟ್ರೈಲರ್ ಎರಡೂ ಗಾಲಿಗೆ ಕೆಳಗಡೆಯಿಂದ ಜೊತೇಲಿರೋರ ಕೈಲಿ ಕಲ್ಲು ಕೊಡ್ಸಿ ಆಮೇಲೆ ಇಳೀರಿ. ಟ್ರೈಲರ್ ಬಿಚ್ಚೋದು ಮಾತ್ರ ಸಮತಟ್ಟು ಅಂಗಳದಲ್ಲೇ, ಇಳಿಜಾರಲ್ಲಿ ಕಲ್ಲು ಕೊಟ್ಟಿದ್ರೂ ಹುಕ್ಕಿನ ಪಿನ್ ತೆಗೀಬೇಡಿ.