ಹಾರ್ಮೋನ್ ಇಂಜೆಕ್ಷನ್ ಮತ್ತು ನನ್ನ ಕೀಲುಗಳು

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ಬಚ್ಚಲಮನೆಯಲ್ಲಿ ಹಂಡೆಯಿಂದ ನೀರು ತೋಡಲು ಹೋದೆ. ಚೊಂಬು ಕೈಯಿಂದ ಜಾರಿ ಬಿತ್ತು. ಬೆರಳುಗಳು ಮಡಚಲೇ ಇಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಥಂಡಿಗೆ ಹೀಗಾಗಿದೆ ಅಂದುಕೊಂಡೆ. ಮರುದಿನವೂ ಹಾಗೆಯೇ ಆಯಿತು. ಒಂದು ವಾರದಲ್ಲಿ ಎರಡೂ ಮಂಡಿ, ಬಲ ಭುಜ, ಹಿಮ್ಮಡಿ ಎಲ್ಲ ಹಿಡಿದುಕೊಂಡವು.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಆಗ ನನಗೆ 66 ವರ್ಷ. ಆ ವರ್ಷ ಜನವರಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್, ಇದೆ ಎಂದು ಗೊತ್ತಾಗಿತ್ತು. ಈ ಕ್ಯಾನ್ಸರಿನ ಸುಳಿವು ಕೊಡುವ ರಕ್ತ ಪರೀಕ್ಷೆ, ಪಿಎಸ್‌ಎ, 31 ಇತ್ತು. ಮೂಳೆಗೆ ಹರಡಿರಲಿಲ್ಲ. ಫೆಬ್ರವರಿಯಲ್ಲಿ ಹಾರ್ಮೋನ್ ಇಂಜೆಕ್ಷನ್ ಶುರುವಾಯಿತು. ಮೂರು ತಿಂಗಳಿಗೊಂದು, ಒಟ್ಟು ಎರಡು ವರ್ಷ ಎಂದು ಹೇಳಿದ್ದರು. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ 20 ದಿನ ರೇಡಿಯೇಷನ್ ಕೂಡ ಆಯಿತು. ಮೈ ಬಿಸಿಯೇರುವುದು, ಬೆವರುವುದು, ಸುಸ್ತು, ಇವೆಲ್ಲ ಬರುತ್ತವೆ ಎಂದು ಮೊದಲೇ ತಿಳಿಸಿದ್ದರು. ಕೀಲು ನೋವಿನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಾಗಾಗಿ ನೋವು ಬಂದಾಗ ನನ್ನ ತಲೆಗೆ ಬಂದದ್ದು ಒಂದೇ ಯೋಚನೆ: ಮೂಳೆಗೆ ಹರಡಿತು. ಇದನ್ನು ಯಾರಿಗೂ ಹೇಳಲಿಲ್ಲ. ರಾತ್ರಿ ಮಂಡಿ ಒತ್ತಿಕೊಂಡು ಎಚ್ಚರವಾಗಿ ಮಲಗಿರುತ್ತಿದ್ದೆ. ಪಕ್ಕದಲ್ಲಿ ಹೆಂಡತಿಯೂ ಎಚ್ಚರವಾಗಿಯೇ ಇರುತ್ತಿದ್ದಳು ಎಂದು ನನಗೆ ಆಮೇಲೆ ಗೊತ್ತಾಯಿತು.

ಆ ದಿನಗಳಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಪೇಟೆಯಲ್ಲಿ ಔಷಧಿ ಅಂಗಡಿಗೆ ಹೋಗಿ ನೋವಿನ ಮಾತ್ರೆ ಕೇಳಿದೆ. ಚೀಟಿ ಕೇಳದೆ ಡೈಕ್ಲೋಫೆನಾಕ್ ಕೊಟ್ಟರು. ಹತ್ತು ದಿನ ನುಂಗಿದೆ. ನೋವು ಕಡಿಮೆಯಾದದ್ದು ನಿಜ. ಆದರೆ ಜುಲೈನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.1ರಿಂದ 1.6ಕ್ಕೆ ಹೋಗಿತ್ತು, ಬಿಪಿ 160 ದಾಟಿತ್ತು. ನನಗೆ ಮೊದಲೇ ಬಿಪಿ ಇದೆ. ಅಂಥವರಿಗೆ, ಅದರಲ್ಲೂ ವಯಸ್ಸಾದವರಿಗೆ, ಈ ಜಾತಿಯ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಲ್ಲವು ಎಂದು ಡಾಕ್ಟರ್ ಹೇಳಿದರು. ಮಾತ್ರೆ ಬಿಟ್ಟ ಮೇಲೆ ಆರು ವಾರದಲ್ಲಿ ಸರಿಹೋಯಿತು, ನನ್ನ ಪುಣ್ಯ.

ನೋವಿನ ಗುಟ್ಟು ನನಗೆ ಮೊದಲು ತಿಳಿದದ್ದು ಡಾಕ್ಟರಿಂದಲ್ಲ, ನನ್ನ ನಾದಿನಿಯಿಂದ. ಅವಳು ಹಾಸನದಲ್ಲಿದ್ದಾಳೆ. ಅದಕ್ಕೂ ಮೂರು ವರ್ಷ ಮೊದಲು ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಆಗ ದಿನಾ ಒಂದು ಲೆಟ್ರೋಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಜುಲೈ ಮೊದಲ ವಾರ ನಮ್ಮನ್ನು ನೋಡಲು ಬಂದಳು. ನಾನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದದ್ದನ್ನು ನೋಡಿದಳು.

"ಭಾವ, ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟೋಕೆ ಆಗುತ್ತಾ?"

ಇಲ್ಲ ಎಂದೆ.

"ಎಷ್ಟು ಹೊತ್ತಿಗೆ ಸಡಿಲ ಆಗುತ್ತೆ?"

ಮುಕ್ಕಾಲು ಗಂಟೆ ಎಂದೆ.

"ನನಗೂ ಹೀಗೇ ಆಗಿತ್ತು. ಇದು ಹಾರ್ಮೋನ್ ಇಳಿಸೋ ಔಷಧಿಯಿಂದ ಬರೋದು. ನೀವು ಸುಮ್ನೆ ಏನೇನೋ ಅಂದುಕೊಂಡು ಕೂತಿದ್ದೀರಿ ಅಲ್ವಾ?"

ಅಷ್ಟು ಜನರ ಮುಂದೆ ನನಗೆ ಕಣ್ಣಲ್ಲಿ ನೀರು ಬಂತು.

ಮುಂದಿನ ವಾರ ಮಗ ಕಾರಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದ. ಕೊಟ್ಟಿಗೆಹಾರದಲ್ಲಿ ಇಳಿಸಿ ಐದು ನಿಮಿಷ ನಡೆಸಿದ. ಚಾರ್ಮಾಡಿ ಇಳಿದು ಉಜಿರೆಯಲ್ಲಿ ಮತ್ತೆ ನಿಲ್ಲಿಸಿದ. ಅಂದಿನಿಂದ ಮುಕ್ಕಾಲು ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂರುವುದಿಲ್ಲ ಎಂಬುದು ನಮ್ಮ ಪ್ರಯಾಣದ ನಿಯಮವಾಯಿತು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ಹೆದರಿಕೆಯನ್ನೂ ಸೇರಿಸಿ. ಅವರು ಊಹೆ ಮಾಡಿ ಕಳಿಸಲಿಲ್ಲ. ಮೂಳೆ ಸ್ಕ್ಯಾನ್ ಮಾಡಿಸಿದರು, ಮಂಡಿಗೆ ಎಕ್ಸ್‌ರೇ ತೆಗೆಸಿದರು. ಯೂರಿಕ್ ಆಸಿಡ್, ಸಂಧಿವಾತದ ಪರೀಕ್ಷೆ, ವಿಟಮಿನ್ ಡಿ, ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಕೂಡ ಆಯಿತು. ಎಲ್ಲೂ ಹರಡಿರಲಿಲ್ಲ. ಪಿಎಸ್‌ಎ 0.3ಕ್ಕೆ ಇಳಿದಿತ್ತು. ಆದರೆ ವಿಟಮಿನ್ ಡಿ 14 ಇತ್ತು, ಕಡಿಮೆಯೆಂದರೆ 20 ಇರಬೇಕಂತೆ. ಮೂಳೆ ಸಾಂದ್ರತೆ ಮೈನಸ್ 1.8, ಅಂದರೆ ಸ್ವಲ್ಪ ಸವೆದಿದೆ. ಮಂಡಿಯಲ್ಲಿ ವಯಸ್ಸಿಗೆ ತಕ್ಕ ಸವೆತವೂ ಇತ್ತು.

ಆಮೇಲೆ ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಬೇಕು. ಇಂಜೆಕ್ಷನ್ ಅದನ್ನೇ ನಿಲ್ಲಿಸುತ್ತದೆ. ಆದರೆ ಹೆಂಗಸರ ಹಾರ್ಮೋನ್ ಎನ್ನುವ ಈಸ್ಟ್ರೋಜೆನ್ ಗಂಡಸರ ಮೈಯಲ್ಲೂ ಇರುತ್ತದೆ. ಅದು ತಯಾರಾಗುವುದು ಇದೇ ಟೆಸ್ಟೋಸ್ಟೆರಾನ್‌ನಿಂದ. ಮೂಲವೇ ಬತ್ತಿದರೆ ಅದೂ ಬತ್ತುತ್ತದೆ. ಮೂಳೆ ಮತ್ತು ಕೀಲನ್ನು ಕಾಯುವ ಕೆಲಸದಲ್ಲಿ ಈಸ್ಟ್ರೋಜೆನ್‌ಗೆ ದೊಡ್ಡ ಪಾಲಿದೆ. ನಾದಿನಿಯ ಮಾತ್ರೆಯೂ ಈಸ್ಟ್ರೋಜೆನ್ ಇಳಿಸಲೆಂದೇ ಕೊಡುವುದು. ಇಬ್ಬರ ಕಾಯಿಲೆ ಬೇರೆ, ಔಷಧಿ ಬೇರೆ, ಬೆರಳು ಬಿಗಿಯುವುದು ಮಾತ್ರ ಒಂದೇ ಥರ. ಇದರ ಜೊತೆಗೆ ಟೆಸ್ಟೋಸ್ಟೆರಾನ್ ಇಲ್ಲದೆ ಮಾಂಸಖಂಡ ಕರಗುತ್ತದೆ, ಕೊಬ್ಬು ಕೂಡುತ್ತದೆ. ನಾನು ಐದು ತಿಂಗಳಲ್ಲಿ 5 ಕಿಲೋ ಏರಿದ್ದೆ, ಆದರೆ ತೊಡೆ ಸಣ್ಣಗಾಗಿತ್ತು. ಆ ಭಾರವನ್ನೆಲ್ಲ ಮಂಡಿ ಒಂದೇ ಹೊರಬೇಕಾಗಿತ್ತು.

"ಹಾಗಾದರೆ ಆಗಸ್ಟ್ ಇಂಜೆಕ್ಷನ್ ಬಿಟ್ಟುಬಿಡ್ತೀನಿ ಸಾರ್" ಎಂದೆ. ಮನಸ್ಸಿನಲ್ಲಿ ಅದನ್ನು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಅವರು ಬೈಯಲಿಲ್ಲ. ರೇಡಿಯೇಷನ್ ಜೊತೆ ಹಾರ್ಮೋನ್ ಯಾಕೆ ಕೊಡುತ್ತಾರೆ, ನನ್ನಂಥ ಜಾಸ್ತಿ ಅಪಾಯದ ಕ್ಯಾನ್ಸರ್‌ನಲ್ಲಿ ಅರ್ಧಕ್ಕೆ ಬಿಟ್ಟರೆ ಏನು ಕಳೆದುಕೊಳ್ಳುತ್ತೇನೆ ಎಂದು ಬಿಡಿಸಿ ಹೇಳಿದರು. ಹಾರ್ಮೋನ್ ತಗ್ಗಿಸಿದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯ 1941ರಲ್ಲೇ ತೋರಿಸಿಕೊಟ್ಟಿದ್ದರಂತೆ, ಅದಕ್ಕೆ 1966ರಲ್ಲಿ ನೊಬೆಲ್ ಬಂದಿತ್ತಂತೆ. "ನೋವಿಗೆ ದಾರಿ ಹುಡುಕೋಣ. ಆಗಲೇ ಇಲ್ಲ ಅಂದರೆ ಬಂದು ಹೇಳಿ, ಮಾತಾಡೋಣ. ನೀವೇ ಬಿಡಬೇಡಿ" ಎಂದರು. ಆಗಸ್ಟ್ ಇಂಜೆಕ್ಷನ್ ತಪ್ಪಲಿಲ್ಲ.

ಚೀಟಿಯ ಹಿಂದೆ ಅವರು ಬರೆದುಕೊಟ್ಟ ನಾಲ್ಕು ಸಾಲು ಈಗಲೂ ನಮ್ಮ ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ಕೀಲು ನೋವು ಬೆಳಿಗ್ಗೆ ಬಿಗಿಯಾಗಿದ್ದು ಓಡಾಡಿದಂತೆ ಸಡಿಲವಾಗುತ್ತದೆ. ಒಂದೇ ಜಾಗದಲ್ಲಿ ಬಿಡದೆ ನೋಯುವುದು, ಮಲಗಿದರೂ ಜಾಸ್ತಿಯಾಗುವುದು ಬೇರೆ, ಅದನ್ನು ಬೇಗ ತೋರಿಸಬೇಕು. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನಬಾರದು.

ಇನ್ನು ಮನೆಯಲ್ಲಿ ಏನು ಮಾಡಿದೆ ಎಂಬುದು. ಓದುವವರಿಗೆ ಬೇಕಿರುವುದು ಇದೇ ಎಂದು ನನಗೆ ಗೊತ್ತು.

ಮೊದಲ ಎರಡು ವಾರ ನಾನು ಬರೆದಿಟ್ಟೆ, ಅಷ್ಟೆ. ತೋಟದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಎದ್ದ ಸಮಯ, ಬೆರಳು ಸಡಿಲವಾದ ಸಮಯ, ಹಿಂದಿನ ದಿನ ಮಾಡಿದ ಕೆಲಸ, ನಿದ್ದೆ, ಮಳೆ ಎಲ್ಲ ಬರೆದೆ. ಬರೆದಾಗ ಕಂಡದ್ದು ನಾನು ಅಂದುಕೊಂಡದ್ದಕ್ಕೆ ವಿರುದ್ಧವಾಗಿತ್ತು. ಜಾಸ್ತಿ ನೋವಿದ್ದದ್ದು ಇಡೀ ದಿನ ಕಂಬಳಿ ಹೊದ್ದು ಮಲಗಿದ ಮರುದಿನ. ಮಳೆಗಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಮಂಚ.

ಚಿಕ್ಕಮಗಳೂರಿನಲ್ಲಿ ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ. ನನ್ನ ತೊಡೆ ಮುಟ್ಟಿ ನೋಡಿ, "ಅಂಕಲ್, ಮೊದಲು ಇದನ್ನ ಗಟ್ಟಿ ಮಾಡೋಣ, ಮಂಡಿ ತಾನೇ ಸುಧಾರಿಸುತ್ತೆ" ಎಂದಳು. ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲಬೇಕು. ಮತ್ತೆ ಮೆಲ್ಲಗೆ ಕೂರಬೇಕು. ಮೊದಲ ದಿನ ನನ್ನಿಂದ ಆದದ್ದು ನಾಲ್ಕು ಸಲ. ಮರದ ಮೇಲೆ ಹತ್ತಿ ಮೆಣಸು ಕುಯ್ದ ಮನುಷ್ಯ ನಾನು. ಆ ದಿನ ತುಂಬಾ ನೊಂದುಕೊಂಡೆ. ಅವಳು ಆ ಕುರ್ಚಿ ತೆಗೆಸಿ ಎತ್ತರದ ಕುರ್ಚಿ ಹಾಕಿಸಿದಳು, ಏಳು ಸಲ ಆಯಿತು. ಅಲ್ಲಿಂದ ಶುರು.

ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ ಮಾಡಿದೆ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ಜಗಲಿಯ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಹಿಮ್ಮಡಿ ಎತ್ತಿ ಇಳಿಸುವುದು. ಒಂದು ಲೀಟರ್ ನೀರಿನ ಬಾಟಲಿ ಅಂದರೆ ಒಂದು ಕಿಲೋ ಅಲ್ವಾ, ಅದನ್ನೇ ಎರಡೂ ಕೈಯಲ್ಲಿ ಹಿಡಿದು ಎತ್ತುತ್ತಿದ್ದೆ. ಮೂಳೆ ಸವೆದಿದ್ದರಿಂದ ನೆಲ ಮುಟ್ಟುವಂತೆ ಬಗ್ಗುವುದು, ಸೊಂಟ ತಿರುಚುವುದು ಬೇಡ ಎಂದಿದ್ದಳು. ಅವಳು ಕೊಟ್ಟ ಒಂದು ಅಳತೆ ನನಗೆ ಬಹಳ ಉಪಯೋಗವಾಯಿತು. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಮಾಮೂಲಿಗಿಂತ ಜಾಸ್ತಿ ಬಿಗಿಯಾಗಿದ್ದರೆ ಅರ್ಧಕ್ಕೆ ಇಳಿಸು, ಪೂರ್ತಿ ನಿಲ್ಲಿಸಬೇಡ. ನನ್ನ ಹಳೇ ಚಾಳಿ ಎಂದರೆ ನೋವಾದರೆ ವಾರಗಟ್ಟಲೆ ಬಿಡುವುದು.

ಉಳಿದ ದಿನ ನಡಿಗೆ. ನಮ್ಮ ತೋಟವೆಲ್ಲ ಇಳಿಜಾರು. ಹತ್ತುವಾಗ ತೊಂದರೆಯಿಲ್ಲ, ಇಳಿಯುವಾಗ ಮಂಡಿ ಪ್ರಾಣ ತಿನ್ನುತ್ತದೆ. ಆದ್ದರಿಂದ ಊರಿನ ಮಟ್ಟಸ ರಸ್ತೆಯಲ್ಲಿ ನಡೆದೆ. ಹವಾಯಿ ಚಪ್ಪಲಿ ಬಿಟ್ಟು ಕ್ಯಾನ್ವಾಸ್ ಶೂ ಹಾಕಿದೆ. ಜುಲೈ, ಆಗಸ್ಟ್‌ನಲ್ಲಿ ನಮ್ಮ ಕಡೆ ಹೊರಗೆ ಕಾಲಿಡುವ ಹಾಗಿಲ್ಲ. ಆಗ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ, ರೇಡಿಯೋ ಹಾಕಿಕೊಂಡು ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ.

ಬೆಳಗಿನ ಕ್ರಮ ಬೇರೆಯಾಯಿತು. ಎಚ್ಚರವಾದ ಕೂಡಲೇ ಏಳುವುದಿಲ್ಲ. ಕಂಬಳಿ ಒಳಗೇ ಬೆರಳು ಮಡಚಿ ಬಿಡಿಸುತ್ತೇನೆ, ಪಾದ ತಿರುಗಿಸುತ್ತೇನೆ, ಮಂಡಿ ಮಡಚುತ್ತೇನೆ. ಹೆಂಡತಿ ನನಗಿಂತ ಮೊದಲೆದ್ದು ಹಂಡೆಗೆ ಬೆಂಕಿ ಹಾಕಿರುತ್ತಾಳೆ. ಹದವಾದ ಬಿಸಿನೀರಿನ ಬಕೆಟ್‌ನಲ್ಲಿ ಕೈ ಮುಳುಗಿಸಿ ಒಳಗೇ ಬಟ್ಟೆ ಹಿಂಡುತ್ತೇನೆ. ಹತ್ತು ನಿಮಿಷ ಸಾಕು. ಎಣ್ಣೆ ಬಿಸಿ ಮಾಡಿ ಹಚ್ಚುವುದೂ ಹಿತ. ಆದರೆ ನೀವುವವರನ್ನು ಕರೆಸಿ ಜೋರಾಗಿ ತಿಕ್ಕಿಸಲಿಲ್ಲ, ಮೂಳೆ ತೆಳುವಾಗಿದೆಯಲ್ಲ.

ಸಾಮಾನುಗಳನ್ನೂ ಬದಲಾಯಿಸಿದೆವು. ಚಿಗುರು ತೆಗೆಯುವ ಕತ್ತಿಯ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿಕೊಂಡೆ. ಹಿಡಿ ದಪ್ಪವಾದರೆ ಬೆರಳು ಪೂರ್ತಿ ಮಡಚಬೇಕಿಲ್ಲ. ಹಲ್ಲುಜ್ಜುವ ಬ್ರಷ್‌ಗೂ ಹಾಗೇ ಬಟ್ಟೆ ಸುತ್ತಿದೆ. ತಿರುಗಿಸುವ ನಲ್ಲಿ ತೆಗೆಸಿ ಮೇಲೆತ್ತುವ ನಲ್ಲಿ ಹಾಕಿಸಿದ ಮಗ. ಕಮೋಡ್ ಇಡಿಸಿ ಪಕ್ಕದಲ್ಲಿ ಕಂಬಿಯನ್ನೂ ಹಾಕಿಸಿದ. ಮಣೆ ಮೇಲೆ ಕೂತು ಊಟ ಮಾಡುವುದನ್ನು ಬಿಡಲು ನನಗೆ ತುಂಬಾ ಕಷ್ಟವಾಯಿತು. ಮೇಜಿನ ಮೇಲೆ ಒಬ್ಬನೇ ತಿನ್ನುವುದು ಬೇಡವೆಂದು ಹೆಂಡತಿಯೂ ಕುರ್ಚಿಗೆ ಬಂದಳು.

ಊಟದ ವಿಷಯ ಸರಳ. ನಮ್ಮದು ಅಕ್ಕಿ ರೊಟ್ಟಿ, ಕಡುಬಿನ ಮನೆ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲವೆಂದರೂ ಸರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ರಾತ್ರಿ ಊಟ ರಾಗಿಗೆ ತಿರುಗಿತು. ಹಾಸನದ ನಾದಿನಿ ಮುದ್ದೆ ತೊಳಸುವುದನ್ನು ಅಕ್ಕನಿಗೆ ಮತ್ತೊಮ್ಮೆ ಹೇಳಿಕೊಟ್ಟಳು. ಮಜ್ಜಿಗೆ ಎರಡು ಹೊತ್ತು, ಕಾಫಿಗೆ ಸಕ್ಕರೆ ಇಲ್ಲ. ಡಾಕ್ಟರ್ ಕೊಟ್ಟ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ, ವಿಟಮಿನ್ ಡಿ 60,000 ಯೂನಿಟ್ ವಾರಕ್ಕೊಂದರಂತೆ ಎಂಟು ವಾರ ತೆಗೆದುಕೊಂಡೆ. ಒಂದು ವರ್ಷದಲ್ಲಿ 4 ಕಿಲೋ ಇಳಿದೆ.

ನೋವಿಗೆ ಡಾಕ್ಟರ್ ಹೇಳಿದ ಲೆಕ್ಕದಲ್ಲಿ ಪ್ಯಾರಾಸಿಟಮಾಲ್, ಅದೂ ಕೆಲಸ ಜಾಸ್ತಿ ಇರುವ ದಿನ ಮಾತ್ರ. ಒಬ್ಬ ನೆಂಟರು ಕೀಲು ನೋವಿಗೆ ಅಂತ ಹೆಸರಿಲ್ಲದ ಪುಡಿಯ ಪೊಟ್ಟಣ ತಂದುಕೊಟ್ಟರು. ಪ್ರೀತಿಯಿಂದ ತಂದದ್ದು, ಬೇಡ ಎನ್ನಲು ಕಷ್ಟ. ಆದರೆ ಒಳಗೆ ಏನಿದೆ ಎಂದು ಗೊತ್ತಿಲ್ಲದ್ದನ್ನು ಈ ಚಿಕಿತ್ಸೆಯ ಮಧ್ಯೆ ತಿನ್ನಬಾರದು ಎಂದು ನಾನು ಬಲವಾಗಿ ನಂಬುತ್ತೇನೆ. ಒಮ್ಮೆ ಕಿಡ್ನಿಯ ಪೆಟ್ಟು ತಿಂದವನು ನಾನು.

ರಾತ್ರಿಯ ಬೆವರು ನಿದ್ದೆ ಕೆಡಿಸುತ್ತಿತ್ತು, ನಿದ್ದೆ ಕೆಟ್ಟ ಮರುದಿನ ನೋವು ಎರಡರಷ್ಟು. ಒಂದು ದಪ್ಪ ಕಂಬಳಿಯ ಬದಲು ಎರಡು ತೆಳು ಹೊದಿಕೆ ಇಟ್ಟುಕೊಂಡೆ, ಬಿಸಿಯಾದಾಗ ಒಂದನ್ನು ಸರಿಸಿದರಾಯಿತು. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟೆ. ಕಾಫಿ ಬೆಳೆಗಾರನಿಗೆ ಇದು ಸಣ್ಣ ಮಾತಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು, ಗಂಡಸರು ಇದನ್ನು ಬರೆಯುವುದಿಲ್ಲ. ಈ ಇಂಜೆಕ್ಷನ್ ಆಸೆಯನ್ನೇ ಆರಿಸಿಬಿಡುತ್ತದೆ, ಸಣ್ಣದಕ್ಕೆಲ್ಲ ಅಳು ಬರುತ್ತದೆ. ನಾನು ಹೆಂಡತಿಯ ಕಣ್ಣು ತಪ್ಪಿಸುತ್ತಿದ್ದೆ. ಒಂದು ರಾತ್ರಿ ಅವಳೇ, "ರೀ, ನನಗೆ ಡಾಕ್ಟರ್ ಎಲ್ಲ ಹೇಳಿದಾರೆ. ನೀವು ಮಾತಾಡದೆ ಇರೋದು ಮಾತ್ರ ನನಗೆ ತಡ್ಕೊಳಕ್ಕೆ ಆಗಲ್ಲ" ಎಂದಳು. ಆ ರಾತ್ರಿ ಮಂಡಿ ನೋವಿನಿಂದ ಹಿಡಿದು ಸಾವಿನ ಭಯದವರೆಗೆ ಎಲ್ಲವನ್ನೂ ಮಾತಾಡಿದೆವು. ನನ್ನ ಪುಸ್ತಕದಲ್ಲಿ ಮರುದಿನದ ಸಾಲು ಇದೆ: ಬೆರಳು 20 ನಿಮಿಷ.

ವ್ಯಾಯಾಮ ಬಿಡದೆ ನಡೆದದ್ದು ನಾದಿನಿಯಿಂದ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಹಾಸನದಿಂದ ಫೋನ್ ಬರುತ್ತದೆ. ಸ್ಪೀಕರ್‌ನಲ್ಲಿಟ್ಟು ಇಬ್ಬರೂ ಎಣಿಸುತ್ತೇವೆ. ಫಲ ಕಾಣಲು ಮೂರು ತಿಂಗಳು ಹಿಡಿಯಿತು. ಜುಲೈನಲ್ಲಿ ಮುಕ್ಕಾಲು ಗಂಟೆ ಇದ್ದ ಬೆಳಗಿನ ಬಿಗಿತ, ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿಗೆ ಜನ ಬರುವ ಹೊತ್ತಿಗೆ ಹದಿನೈದು ನಿಮಿಷಕ್ಕೆ ಇಳಿದಿತ್ತು. ಕುಯ್ಯಲು ಹೋಗಲಿಲ್ಲ. ಕಣದಲ್ಲಿ ನಿಂತು ಹಣ್ಣಿನ ತೂಕ ಬರೆದುಕೊಂಡೆ, ಒಣಗಲು ಹಾಕಿದ ಕಾಫಿಯನ್ನು ಕಾಲಿನಿಂದ ಎಳೆದೆ.

2024ರ ಮಳೆಗಾಲದಲ್ಲಿ ಮತ್ತೆ ಜಾಸ್ತಿಯಾಯಿತು, ಆದರೆ ಹೆದರಿಕೆ ಇರಲಿಲ್ಲ. ಕೊನೆಯ ಇಂಜೆಕ್ಷನ್ ಆ ವರ್ಷ ನವೆಂಬರ್‌ನಲ್ಲಿ ಆಯಿತು. ಹಾರ್ಮೋನ್ ಮರಳಲು ತಿಂಗಳುಗಟ್ಟಲೆ ಬೇಕು, ವಯಸ್ಸಾದವರಿಗೆ ಇನ್ನೂ ನಿಧಾನ ಎಂದಿದ್ದರು. ಹಾಗೆಯೇ ಆಗಿದೆ. ಬೆರಳು ಈಗ ಐದು ನಿಮಿಷದಲ್ಲಿ ಸಡಿಲವಾಗುತ್ತದೆ, ಬಲ ಭುಜ ಇನ್ನೂ ಪೂರ್ತಿ ಏಳುವುದಿಲ್ಲ. ಮರಗಸಿಗೆ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯಲು, ಈಗಲೂ ಜನವನ್ನೇ ಕರೆಯುತ್ತೇನೆ. ನಾದಿನಿಗೆ ಇನ್ನೂ ಮಾತ್ರೆ ನಡೆಯುತ್ತಿದೆ, ಆದ್ದರಿಂದ ಏಳೂವರೆಯ ಫೋನ್ ನಿಂತಿಲ್ಲ. ಈ ಶುಕ್ರವಾರ ನಾನು ಹದಿನೆಂಟು ಸಲ ಎದ್ದೆ, ಅವಳು ಇಪ್ಪತ್ತೆರಡು.